ಮಡಚದ ಚಾಕು

“ಹನ್ನೊಂದನೇದು ಬೇಡ,” ಎಂದಳು ಅಮ್ಮ. ಪೆನ್ನು ಕಿತ್ತುಕೊಂಡು ಲಿಸ್ಟಿನ ಮೇಲೆ ಗೆರೆ ಎಳೆದೇಬಿಟ್ಟಳು.

“ಅಮ್ಮಾ! ಅದು ಸ್ಕೂಲಿನ ಲಿಸ್ಟು! ಸೋಮವಾರ ಮಿಸ್ ಚೆಕ್ ಮಾಡ್ತಾರೆ!”

“ಮಾಡ್ಲಿ ಬಿಡು. ಬೇರೆ ಎಲ್ಲಾ ಇದೆಯಲ್ಲ, ಸಾಕು.”

ನಡುಮನೆಯ ನೆಲದ ತುಂಬ ಸಾಮಾನು ಹರಡಿತ್ತು. ಟಾರ್ಚು, ಬ್ಯಾಟರಿ, ಸೀಟಿ, ಹಗ್ಗದ ಸುರುಳಿ, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ, ಬ್ಯಾಂಡೇಜು, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಸುತ್ತಿಟ್ಟ ಮನೆಯ ಕಾಗದಪತ್ರ. ಎಲ್ಲದರ ನಡುವೆ ಒಂದು ಕೆಂಪು ಬ್ಯಾಗು ಬಾಯಿ ತೆರೆದುಕೊಂಡು ಕೂತಿತ್ತು. ಅದರ ಪಕ್ಕದಲ್ಲಿ, ಅದಕ್ಕಿಂತ ಕೆಂಪಗೆ ಮುಖ ಮಾಡಿಕೊಂಡು ಕೂತಿದ್ದಳು ಪಟ್ಟಿ.

ಪಟ್ಟಿಗೆ ಹತ್ತು ವರ್ಷ. ಮೊದಲು ಅವಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಕಳೆದ ವರ್ಷದಿಂದ ಅವಳು ಕಂಡದ್ದಕ್ಕೆಲ್ಲ ಲಿಸ್ಟು ಮಾಡತೊಡಗಿದಳು. ನಾಳೆ ಸ್ಕೂಲಿಗೆ ಏನೇನು ಒಯ್ಯಬೇಕು, ಮಲಗುವ ಮುಂಚೆ ಯಾವ ಯಾವ ಕಿಟಕಿ ಹಾಕಬೇಕು, ಅಣ್ಣ ಎಷ್ಟು ಸಲ ಅವಳ ರಬ್ಬರು ಕದ್ದಿದ್ದಾನೆ, ಎಲ್ಲಕ್ಕೂ ಲಿಸ್ಟು. “ಪುಟ್ಟಿ ಹೋಗಿ ಪಟ್ಟಿ ಆದ್ಲು,” ಎಂದು ಅಣ್ಣ ಒಂದು ದಿನ ತಮಾಷೆಗೆ ಹೇಳಿದ್ದ. ಆ ಹೆಸರೇ ಅಂಟಿಕೊಂಡುಬಿಟ್ಟಿತು.

ಆದರೆ ಈ ಲಿಸ್ಟು ಅವಳು ಮಾಡಿದ್ದಲ್ಲ. ಫೈರ್ ಸ್ಟೇಷನ್ನಿನ ಆಫೀಸರು ಸ್ಕೂಲಿಗೆ ಬಂದು ಕೊಟ್ಟದ್ದು. ನದಿಯ ಹತ್ತಿರದ ಪ್ರತಿ ಮನೆಯಲ್ಲೂ ಒಂದು ತುರ್ತು ಬ್ಯಾಗು ಇರಬೇಕು, ಮಳೆಗಾಲ ಶುರುವಾಗುವ ಮುಂಚೆಯೇ ಅದು ರೆಡಿ ಆಗಬೇಕು ಎಂದು ಅವರು ಹೇಳಿದ್ದರು. ಹನ್ನೊಂದನೇ ಸಾಲಿನಲ್ಲಿ ಹೀಗಿತ್ತು: ‘ಮಡಚದ ಚಾಕು, ಒರೆ ಸಮೇತ. ದೊಡ್ಡವರ ವಶದಲ್ಲಿರಲಿ.’

“ಬ್ಯಾಗು ಮನೇಲೇ ಇರುತ್ತಮ್ಮ. ಸ್ಕೂಲಿಗೆ ಲಿಸ್ಟು ಮಾತ್ರ ತಗೊಂಡು ಹೋಗೋದು. ನೀನು ಸೈನ್ ಹಾಕ್ಬೇಕು.”

“ಹಾಕ್ತೀನಿ. ಹನ್ನೊಂದು ಬಿಟ್ಟು.”

ಅಣ್ಣ ಮಂಚದ ಮೇಲಿಂದ ಧುಮುಕಿದ. ಅವನು ಎಂಟನೇ ಕ್ಲಾಸು. ಮೂಗಿನ ಕೆಳಗೆ ಮೀಸೆ ಬಂತೋ ಇಲ್ಲವೋ ಎಂದು ದಿನಾ ಕನ್ನಡಿ ನೋಡುವ ವಯಸ್ಸು. “ಅಮ್ಮ, ನಾನು ವಿಡಿಯೋದಲ್ಲಿ ಒಂದು ಚಾಕು ನೋಡಿದೀನಿ. ಇಷ್ಟುದ್ದ! ಬೆನ್ನ ಮೇಲೆ ಗರಗಸ, ಹಿಡಿಯೊಳಗೆ ದಿಕ್ಸೂಚಿ. ಒಂದೇ ಏಟಿಗೆ ಮರ ಕಡೀಬಹುದು!”

“ನಮ್ಮ ಮನೇಲಿ ಯಾವ ಮರ ಇದೆಯೋ?” ಎಂದಳು ಅಮ್ಮ. ನಗಲಿಲ್ಲ. ಮೂಲೆಯ ಹೊಲಿಗೆ ಮೆಷಿನ್ನಿಗೆ ಹೋಗಿ ಕೂತು, ಯಾರದೋ ಯೂನಿಫಾರ್ಮಿನ ತೋಳನ್ನು ಸೂಜಿಯ ಕೆಳಗೆ ಇಟ್ಟು, ಜೋರಾಗಿ ತುಳಿಯತೊಡಗಿದಳು. ಅಮ್ಮ ಮೆಷಿನ್ನು ಜೋರಾಗಿ ತುಳಿದರೆ ಮಾತು ಮುಗಿಯಿತು ಎಂದರ್ಥ.

ಕಿಟಕಿಯ ಹತ್ತಿರ ಅಪ್ಪ ಬ್ರಷ್ ತೊಳೆಯುತ್ತಿದ್ದ. ಅವನು ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರು. ಅವನ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಈಗ ಪೂರ್ತಿ ಮಡಚುವುದಿಲ್ಲ. ಬ್ರಷ್ಷನ್ನು ಹೆಬ್ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುವುದನ್ನು ಅವನು ಹೊಸದಾಗಿ ಕಲಿತಿದ್ದ.

ಪಟ್ಟಿ ಆ ಬೆರಳುಗಳ ಕಡೆ ನೋಡಿ, ತಕ್ಷಣ ಕಣ್ಣು ಕೆಳಗೆ ಹಾಕಿದಳು.

ಆ ಬೆರಳು ಹಾಗಾದದ್ದು ಕಳೆದ ವರ್ಷದ ನೆರೆಯಲ್ಲಿ. ಅವರ ಬೀದಿಯಾಚೆ ಇನ್ನೊಂದು ಬೀದಿಯಿಲ್ಲ, ನದಿಯೇ. ನೀರು ಮನೆಯೊಳಗೆ ನುಗ್ಗಿದಾಗ ಎಲ್ಲರೂ ಮೇಲಿನ ಮನೆಯ ಅಜ್ಜಿಯ ಹತ್ತಿರ ಹೋಗಿ ಕೂತಿದ್ದರು. ಎರಡನೇ ದಿನ ದೋಣಿ ಬಂತು. ಅಜ್ಜಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹಗ್ಗದಿಂದ ಕಟ್ಟಿ, ಮೆಟ್ಟಿಲ ಮೇಲಿಂದ ದೋಣಿಗೆ ಇಳಿಸಿದರು. ಅರ್ಧ ಇಳಿದಿತ್ತು. ಅಷ್ಟರಲ್ಲಿ ಹಗ್ಗದ ತುದಿ ಮೆಟ್ಟಿಲ ಕಂಬಿಗೆ ಸಿಕ್ಕಿಕೊಂಡಿತು. ನೀರಿನ ಸೆಳೆತಕ್ಕೆ ದೋಣಿ ಪಕ್ಕಕ್ಕೆ ಸರಿಯತೊಡಗಿತು. ಕುರ್ಚಿಯ ಎರಡು ಕಾಲು ದೋಣಿಯಲ್ಲಿ, ಎರಡು ಕಾಲು ಮೆಟ್ಟಿಲ ಮೇಲೆ!

“ಚಾಕು! ಯಾರಾದ್ರೂ ಚಾಕು ಕೊಡಿ!” ಎಂದು ಅಪ್ಪ ಕೂಗಿದ್ದ.

ಪಟ್ಟಿ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಅಜ್ಜಿಯ ಅಡುಗೆಮನೆಯಲ್ಲಿ ಒಳ್ಳೆಯ ಗಟ್ಟಿ ಚಾಕು ಇರುವುದು ಅವಳಿಗೆ ಗೊತ್ತಿತ್ತು. ಆದರೆ ಅವಳ ಕಾಲ ಬುಡದಲ್ಲೇ ಅಪ್ಪನ ಪೇಂಟಿನ ಚೀಲವಿತ್ತು. ಅದರಲ್ಲಿದ್ದ ಮಡಚುವ ಚಾಕುವನ್ನು ತೆಗೆದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಒದ್ದೆ ಹಗ್ಗವನ್ನು ಒತ್ತಿ ಒತ್ತಿ ಕತ್ತರಿಸುತ್ತಿದ್ದಾಗ ಚಾಕು ಟಪ್ ಎಂದು ಮಡಚಿಕೊಂಡಿತು. ಅಪ್ಪನ ಬೆರಳ ಮೇಲೆಯೇ.

ಹಗ್ಗ ಹೇಗೋ ಹರಿಯಿತು. ಅಜ್ಜಿ ಉಳಿದಳು. ಅಪ್ಪನ ಬೆರಳಿಗೆ ಹನ್ನೆರಡು ಹೊಲಿಗೆ ಬಿತ್ತು.

ಒಳ್ಳೆಯ ಚಾಕು ತರಲು ಹತ್ತೇ ಹತ್ತು ಮೆಟ್ಟಿಲು ಹತ್ತಬೇಕಿತ್ತು. ಆ ಮಾತನ್ನು ಪಟ್ಟಿ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಯಾವ ಲಿಸ್ಟಿನಲ್ಲೂ ಬರೆದಿರಲಿಲ್ಲ.

ಅಪ್ಪ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಮೆಷಿನ್ನಿನ ಹತ್ತಿರ ಬಂದು ನಿಂತ.

“ನಿನ್ನ ಕತ್ತರಿ ಮೊಂಡಾಗಿದೆ, ಸಾಣೆ ಹಿಡಿಸ್ಬೇಕು ಅಂತಿದ್ದೆಯಲ್ಲ? ಸಂಜೆ ಹೋಗೋಣ್ವಾ?”

ಮೆಷಿನ್ನು ನಿಂತಿತು. ಅಮ್ಮ ಕಣ್ಣು ಕಿರಿದು ಮಾಡಿ ಅಪ್ಪನನ್ನೇ ನೋಡಿದಳು. “ಕತ್ತರಿಗೆ ಮಾತ್ರ ಬರ್ತೀನಿ. ಇನ್ನೇನಾದ್ರೂ ಪ್ಲಾನ್ ಇದ್ರೆ ಈಗ್ಲೇ ಹೇಳಿಬಿಡಿ.”

“ನಂದೇನೂ ಪ್ಲಾನಿಲ್ಲಪ್ಪ,” ಎಂದ ಅಪ್ಪ, ಗೋಡೆಗೆ ಮುಖ ತಿರುಗಿಸಿಕೊಂಡು.

* * *

ಸಾಣೆ ಆಂಟಿಯ ಅಂಗಡಿ ಉದ್ದಕ್ಕೆ ಇತ್ತು, ಅಗಲಕ್ಕೆ ಇರಲಿಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಒಂದು ಕಡೆ ಕತ್ತರಿ, ಸುತ್ತಿಗೆ, ಗರಗಸ. ಇನ್ನೊಂದು ಕಡೆ ಗಾಜಿನ ಕಪಾಟಿನಲ್ಲಿ ಚಾಕುಗಳು. ಒಳಗಡೆ ಸಾಣೆಕಲ್ಲು ಜುಂಯ್ ಎಂದು ತಿರುಗುತ್ತಿತ್ತು. ಆಂಟಿ ದೊಡ್ಡ ಕನ್ನಡಕ ಹಾಕಿಕೊಂಡು, ಕಿಡಿಗಳ ಹಿಂದಿನಿಂದ ತಲೆ ಎತ್ತಿದಳು.

“ಬನ್ನಿ ಟೈಲರಮ್ಮ! ಕತ್ತರೀನಾ? ಕೊಡಿ. ಅಯ್ಯೋ, ಇದರಲ್ಲಿ ಕಲ್ಲು ಕತ್ತರಿಸಿದ್ರಾ?”

“ನನ್ನ ಮಗ ರಟ್ಟು ಕತ್ತರಿಸಿದಾನೆ,” ಎಂದಳು ಅಮ್ಮ.

ಅಣ್ಣ ಆಗಲೇ ಗಾಜಿಗೆ ಮೂಗು ಒತ್ತಿ ನಿಂತಿದ್ದ. “ಅದೇ! ಅದೇ ಚಾಕು! ಗರಗಸ ಇರೋದು!”

ಪಟ್ಟಿ ಲಿಸ್ಟನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದಳು. ಅಮ್ಮ ನೋಡುತ್ತಿದ್ದಳು. ಆದರೂ ಧೈರ್ಯ ಮಾಡಿ ಅದನ್ನು ತೆಗೆದು ಆಂಟಿಯ ಮುಂದೆ ಹಿಡಿದಳು. “ಆಂಟಿ, ತುರ್ತು ಬ್ಯಾಗಿಗೆ ಯಾವ ಚಾಕು ಸರಿ? ಸುಮ್ನೆ ಕೇಳ್ತಿದೀನಿ. ತಗೊಳ್ಳೋಕೇನಲ್ಲ.”

ಆಂಟಿ ಲಿಸ್ಟು ನೋಡಿದಳು. ಅಮ್ಮ ಎಳೆದಿದ್ದ ಗೆರೆಯನ್ನೂ ನೋಡಿದಳು. ಅಣ್ಣ ತೋರಿಸಿದ ದೊಡ್ಡ ಚಾಕುವನ್ನೇ ಮೊದಲು ಹೊರಗೆ ತೆಗೆದಳು. ಅದರ ಹಿಡಿಯ ತುದಿಯನ್ನು ತಿರುಗಿಸಿ ಬಿಚ್ಚಿದಳು. ಒಳಗಿಂದ ಪುಟ್ಟ ದಿಕ್ಸೂಚಿ, ಎರಡು ಬೆಂಕಿಕಡ್ಡಿ, ಒಂದು ದಾರದ ಉಂಡೆ ಬಿದ್ದವು.

“ವಾವ್!” ಎಂದ ಅಣ್ಣ.

“ಏನು ವಾವ್? ಹಿಡಿಯೊಳಗೆ ಇಷ್ಟೆಲ್ಲಾ ಸಂಸಾರ ಇಟ್ಟಮೇಲೆ ಉಕ್ಕಿಗೆ ಜಾಗ ಎಲ್ಲಪ್ಪಾ? ಅಲಗು ಹಿಡಿಗೆ ಒಂದು ಚಿಕ್ಕ ಸ್ಕ್ರೂನಲ್ಲಿ ನಿಂತಿದೆ. ಜೋರಾಗಿ ಒತ್ತಿದ್ರೆ ಅಲಗು ಒಂದು ಕಡೆ, ಹಿಡಿ ಇನ್ನೊಂದು ಕಡೆ. ಈ ಗರಗಸದ ಹಲ್ಲಿಗೆ ಹಗ್ಗ ಸಿಕ್ಕಿಕೊಂಡ್ರೆ ಬಿಡಿಸೋಕೆ ಇನ್ನೊಂದು ಚಾಕು ಬೇಕು. ಇದು ಗೋಡೆಗೆ ನೇತುಹಾಕೋಕೆ ಚೆಂದ.”

ಅಣ್ಣನ ಮುಖ ಸಪ್ಪಗಾಯಿತು. “ಹಾಗಾದ್ರೆ ಯಾಕೆ ಮಾರ್ತೀರಾ?”

“ಗೋಡೆ ಇರೋರು ತಗೋತಾರೆ,” ಎಂದು ನಕ್ಕಳು ಆಂಟಿ.

ಆಮೇಲೆ ಅವಳು ಇನ್ನೂ ಮೂರು ಚಾಕು ತಂದಿಟ್ಟಳು. ಮೂರೂ ಚಿಕ್ಕವು, ಅಲಗು ಒಂದು ಅಂಗೈ ಉದ್ದ ಅಷ್ಟೆ. “ದೊಡ್ಡದಿದ್ದಷ್ಟು ಒಳ್ಳೇದಲ್ಲ. ಚಿಕ್ಕದು ಹೇಳಿದ ಮಾತು ಕೇಳುತ್ತೆ. ಇಲ್ನೋಡು, ಹಿಡಿಯ ಎರಡೂ ಪಕ್ಕದ ಮಧ್ಯೆ ಬೆಳ್ಳಗೆ ಒಂದು ಗೆರೆ ಕಾಣುತ್ತಲ್ಲ? ಅದು ಅಲಗಿನದೇ ಉಕ್ಕು. ತುದಿಯಿಂದ ತುದಿಯವರೆಗೂ ಒಂದೇ ತುಂಡು. ಕೀಲಿಲ್ಲ, ಸ್ಕ್ರೂ ಇಲ್ಲ. ಮಡಚೋಕೆ ಅದಕ್ಕೆ ಬರೋದೇ ಇಲ್ಲ.”

ಮಡಚುವ ಮಾತು ಬಂದಕೂಡಲೇ ಅಮ್ಮ ಬೇರೆ ಕಡೆ ನೋಡಿದಳು. ಅಪ್ಪ ಮಾತ್ರ ಬಗ್ಗಿ ಒಂದನ್ನು ಕೈಗೆತ್ತಿಕೊಂಡ. ಎರಡು ಬೆರಳು ನೇರವಾಗಿಯೇ ನಿಂತವು. ಚಾಕು ಅವನ ಕೈಯಲ್ಲಿ ಓಲಾಡಿತು. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟ.

“ಕೈಗೆ ಏನಾಯ್ತು ಪೇಂಟರೇ?” ಎಂದು ಆಂಟಿ ಕೇಳಿದಳು.

ಪಟ್ಟಿಗೆ ಅಂಗಡಿಯಿಂದ ಹೊರಗೆ ಓಡಿಬಿಡೋಣ ಎನ್ನಿಸಿತು. ಆದರೆ ಬಾಗಿಲಿಗೆ ಅಡ್ಡವಾಗಿ ಅಣ್ಣ ನಿಂತಿದ್ದ.

“ಹೋದ ವರ್ಷದ ನೆರೆ,” ಎಂದು ಅಪ್ಪ ಶುರುಮಾಡಿದ. ಅಜ್ಜಿ, ಕುರ್ಚಿ, ದೋಣಿ, ಹಗ್ಗ ಎಲ್ಲವನ್ನೂ ಹೇಳಿದ. “ಎಲ್ರೂ ಹೋ ಅಂತ ಕೂಗ್ತಿದ್ರು. ಯಾರಿಗೂ ಏನು ಮಾಡ್ಬೇಕು ಅಂತ ತಿಳೀಲಿಲ್ಲ. ನಾನು ಚಾಕು ಅಂತ ಕೂಗಿ ಬಾಯಿ ಮುಚ್ಚಿಲ್ಲ, ಅಷ್ಟರಲ್ಲಿ ಚಾಕು ನನ್ನ ಕೈಲಿತ್ತು! ನೋಡಿದ್ರೆ ಇವಳು. ಒಂಬತ್ತು ವರ್ಷದ ಹುಡುಗಿ. ಇವಳು ಇಲ್ದೇ ಇದ್ದಿದ್ರೆ ಅವತ್ತು ಅಜ್ಜಿ ಇರ್ತಿರ್ಲಿಲ್ಲ.”

ಪಟ್ಟಿ ಕಕ್ಕಾಬಿಕ್ಕಿಯಾಗಿ ಅಪ್ಪನ ಮುಖ ನೋಡಿದಳು. ಅದೇ ಮೆಟ್ಟಿಲು, ಅದೇ ಹಗ್ಗ, ಅದೇ ಚಾಕು. ಆದರೆ ಅಪ್ಪ ಹೇಳಿದ ಕತೆಯಲ್ಲಿ ಇದ್ದ ಹುಡುಗಿ ಬೇರೆ ಯಾರೋ ಇದ್ದ ಹಾಗಿತ್ತು.

“ಅಪ್ಪಾ,” ಎಂದಳು. “ಅಜ್ಜಿ ಅಡುಗೆಮನೇಲಿ ಗಟ್ಟಿ ಚಾಕು ಇತ್ತು. ನಂಗೆ ಗೊತ್ತಿತ್ತು. ಹತ್ತೇ ಮೆಟ್ಟಿಲು. ನಾನು ಹತ್ತಲಿಲ್ಲ. ಕೈಗೆ ಸಿಕ್ಕಿದ್ದು ಕೊಟ್ಟುಬಿಟ್ಟೆ. ಅದಕ್ಕೇ ನಿನ್ನ ಬೆರಳು…”

ಸಾಣೆಕಲ್ಲು ತಾನಾಗಿಯೇ ನಿಧಾನವಾಗಿ ತಿರುಗಿ ನಿಂತಿತು.

ಅಪ್ಪ ಆ ಕಿರಿದಾದ ಜಾಗದಲ್ಲೇ ಮಂಡಿಯೂರಿ ಕೂತ. “ಒಂದು ವರ್ಷದಿಂದ ಇದನ್ನ ಹೊಟ್ಟೇಲಿ ಇಟ್ಕೊಂಡಿದೀಯಾ?”

ಪಟ್ಟಿ ತಲೆಯಾಡಿಸಿದಳು.

“ಹತ್ತು ಮೆಟ್ಟಿಲು ಹತ್ತಿ, ಅಡುಗೆಮನೇಲಿ ಹುಡುಕಿ, ಮತ್ತೆ ಹತ್ತು ಮೆಟ್ಟಿಲು ಇಳಿದು ಬರೋ ಹೊತ್ತಿಗೆ ಕುರ್ಚಿ ನೀರಲ್ಲಿ ಇರ್ತಿತ್ತು ಕಣೇ. ಅಷ್ಟು ಟೈಮ್ ಇರ್ಲಿಲ್ಲ. ಇನ್ನೊಂದು ವಿಷಯ ಹೇಳ್ಲಾ? ಆ ಚಾಕುವಿನ ಕೀಲು ಸಡಿಲ ಆಗಿತ್ತು. ಡಬ್ಬಿ ಮುಚ್ಚಳ ತೆಗೀವಾಗ ಎರಡು ಸಲ ಮಡಚಿಕೊಂಡಿತ್ತು. ನಾಳೆ ಸರಿಮಾಡಿಸ್ತೀನಿ, ನಾಳೆ ಸರಿಮಾಡಿಸ್ತೀನಿ ಅಂತ ಬಿಟ್ಟವನು ನಾನು. ಅದು ನನ್ನ ತಪ್ಪು. ನಿಂದಲ್ಲ.”

ಪಟ್ಟಿಯ ಕಣ್ಣಿಂದ ನೀರು ಪಟಪಟನೆ ಉದುರಿತು. ಅಣ್ಣ ಏನು ಮಾಡಬೇಕೆಂದು ತೋಚದೆ ತನ್ನ ಕರ್ಚೀಫು ಕೊಟ್ಟ. ಅದು ಅಷ್ಟೇನೂ ಶುಭ್ರವಾಗಿರಲಿಲ್ಲ. ಆದರೂ ಪಟ್ಟಿ ಒರೆಸಿಕೊಂಡಳು.

ಅಮ್ಮ ಮೆಲ್ಲಗೆ, ಯಾರ ಮುಖವನ್ನೂ ನೋಡದೆ ಹೇಳಿದಳು: “ನೀನು ಚಾಕುವಾದ್ರೂ ಕೊಟ್ಟೆ. ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ. ನನ್ನ ಕೈಕಾಲೇ ಆಡಲಿಲ್ಲ. ಸುಮ್ನೆ ನೋಡ್ತಾ ನಿಂತೆ. ಚಾಕು ಅಂದ್ರೆ ಈಗಲೂ ನಂಗೆ ಅದೇ ಕಾಣುತ್ತೆ.”

ಅಮ್ಮನಿಗೂ ಹೆದರಿಕೆಯಾಗುತ್ತದೆ ಎಂದು ಪಟ್ಟಿಗೆ ಗೊತ್ತೇ ಇರಲಿಲ್ಲ. ಅವಳು ಅಮ್ಮನಿಗೆ ಬರೀ ಸಿಟ್ಟು ಎಂದುಕೊಂಡಿದ್ದಳು.

ಸಾಣೆ ಆಂಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಆಮೇಲೆ ಒಳಗೆ ಹೋಗಿ ಒಂದು ಬಕೆಟ್ ಸೋಪಿನ ನೀರು ತಂದು ಅಮ್ಮನ ಮುಂದೆ ಇಟ್ಟಳು.

“ಇದ್ಯಾಕೆ?” ಎಂದಳು ಅಮ್ಮ.

“ಕೈ ಅದ್ದಿ, ಟೈಲರಮ್ಮ. ನೆರೆ ಬಂದಾಗ ಕೈ ಒಣಗಿರುತ್ತಾ? ಮಕ್ಕಳ ಕೈಗೆ ನಾನು ಚಾಕು ಕೊಡಲ್ಲ. ಪೇಂಟರ ಬೆರಳು ಹಿಡಿಯಲ್ಲ. ಉಳಿದೋರು ನೀವೇ. ತಗೊಳ್ಳಿ ಅಂತ ನಾನೇನೂ ಬಲವಂತ ಮಾಡ್ತಿಲ್ಲ. ಹಿಡಿದು ನೋಡಿ ಅಷ್ಟೆ.”

ಅಮ್ಮ ಬಹಳ ಹೊತ್ತು ಬಕೆಟ್ಟನ್ನೇ ನೋಡಿದಳು. ಬಳೆ ಮೇಲೆ ಸರಿಸಿಕೊಂಡು ಕೈ ಅದ್ದಿದಳು.

ಮೊದಲನೇ ಚಾಕುವಿನ ಹಿಡಿ ನುಣ್ಣಗೆ ಪಾಲಿಶ್ ಮಾಡಿದ ಮರ. ನೋಡಲು ತುಂಬಾ ಚೆಂದ. ಸೋಪಿನ ಕೈಗೆ ಅದು ಸರ್ರನೆ ಜಾರಿತು. “ಇದು ಬೇಡ,” ಎಂದಳು ಅಮ್ಮ. ಎರಡನೆಯದರ ಹಿಡಿ ದಪ್ಪ. “ನನ್ನ ಬೆರಳು ಸುತ್ತಿಬರಲ್ಲ.” ಮೂರನೆಯದರ ಹಿಡಿ ಒರಟಾದ ರಬ್ಬರು, ಬಣ್ಣ ಕಿತ್ತಳೆ. ಅಲಗು ಶುರುವಾಗುವ ಕಡೆ, ಬೆರಳು ಮುಂದೆ ಜಾರದಂತೆ ಒಂದು ತಡೆ ಇತ್ತು. ಅಮ್ಮ ಅದನ್ನು ಹಿಡಿದಳು. ತಿರುಗಿಸಿದಳು. ಕಣ್ಣು ಮುಚ್ಚಿಕೊಂಡು ಮತ್ತೆ ಹಿಡಿದಳು. ಚಾಕು ಜಾರಲಿಲ್ಲ.

“ಕಿತ್ತಳೆ ಬಣ್ಣ ಯಾಕೆ ಆಂಟಿ?” ಎಂದು ಅಣ್ಣ ಕೇಳಿದ. “ಕಪ್ಪು ಇದ್ದಿದ್ರೆ ಸ್ಟೈಲಾಗಿರ್ತಿತ್ತು.”

“ಕೆಸರಲ್ಲಿ ಬಿದ್ರೆ ನಿನ್ನ ಸ್ಟೈಲು ಹುಡುಕ್ಕೊಡುತ್ತಾ?” ಎಂದಳು ಅಮ್ಮ. ಹೇಳಿದ ಮೇಲೆ, ತಾನೇ ಆ ಚಾಕುವಿನ ಪರ ಮಾತಾಡಿದ್ದು ತಿಳಿದು, ತುಟಿ ಕಚ್ಚಿಕೊಂಡಳು.

ಅಪ್ಪ ಕೆಮ್ಮುವ ನೆಪದಲ್ಲಿ ನಗು ಮುಚ್ಚಿದ.

ಅಮ್ಮ ಅಲಗನ್ನು ಬೆಳಕಿಗೆ ಹಿಡಿದು, ತನ್ನ ಕತ್ತರಿ ನೋಡುವ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದಳು. “ಅಂಚು ನೇರವಾಗಿದೆ. ಸಾಣೆ ಹಿಡಿಯೋದು ಸುಲಭ. ಒರೆ ಎಲ್ಲಿ?” ಆಂಟಿ ಒರೆ ಕೊಟ್ಟಳು. ಅಮ್ಮ ಚಾಕು ತೂರಿಸಿದಳು. ಟಿಕ್ ಎಂದು ಕೂತಿತು. ತಲೆಕೆಳಗೆ ಮಾಡಿ ಜೋರಾಗಿ ಅಲ್ಲಾಡಿಸಿದಳು. ಬೀಳಲಿಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದಳು.

“ಇದನ್ನೇ ಕೊಡಿ,” ಎಂದಳು.

* * *

ಮಾರನೆಯ ಬೆಳಿಗ್ಗೆ, ಭಾನುವಾರ, ಮೆಟ್ಟಿಲ ಬುಡದಲ್ಲಿ ಒಂದು ಖಾಲಿ ಕುರ್ಚಿ ಬಂದು ಕೂತಿತು. ಅದನ್ನು ತರಿಸಿದ್ದು ಅಮ್ಮನೇ.

“ಚಾಕು ಬ್ಯಾಗಲ್ಲಿದ್ರೆ ಆಗಲ್ಲ. ನಂಗೆ ಕತ್ತರಿಸೋಕೆ ಬರ್ಬೇಕು,” ಎಂದಳು. “ಎಲ್ರೂ ದೂರ ನಿಲ್ಲಿ.”

ಮೇಲಿನ ಮನೆಯ ಅಜ್ಜಿ ಮೆಟ್ಟಿಲ ತುದಿಯಲ್ಲಿ ಕೋಲೂರಿ ನಿಂತು ಇಣುಕಿದಳು. “ಖಾಲಿ ಕುರ್ಚಿ ಯಾಕೆ? ನಾನೇ ಬಂದು ಕೂತ್ಕೋತೀನಿ. ನಂಗೆ ಅಭ್ಯಾಸ ಇದೆ!”

“ನೀವು ಅಲ್ಲೇ ಇರಿ ಅಜ್ಜಿ!” ಎಂದು ನಾಲ್ವರೂ ಒಟ್ಟಿಗೆ ಕೂಗಿದರು.

ಅಣ್ಣ ಹಗ್ಗವನ್ನು ನೀರಲ್ಲಿ ನೆನೆಸಿ ತಂದ. ಕುರ್ಚಿಯನ್ನು ಮೆಟ್ಟಿಲ ಕಂಬಿಗೆ ಕಟ್ಟುವ ಕೆಲಸ ಪಟ್ಟಿಯದು. ಅವಳು ಹಗ್ಗವನ್ನು ಎರಡು ಸುತ್ತು ಸುತ್ತಿದಳು. ಗಂಟು ಹಾಕುವಾಗ ಒಮ್ಮೆ ತಿರುಗಿ ನೋಡಿದಳು. ಅಮ್ಮ ಒರೆಯಿಂದ ಚಾಕು ತೆಗೆದು ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. ಪಟ್ಟಿ ಅಮ್ಮನಿಗೆ ಕಷ್ಟವಾಗದಿರಲಿ ಎಂದು ಗಂಟನ್ನು ಸಡಿಲವಾಗಿಯೇ ಬಿಟ್ಟು, ಪಕ್ಕಕ್ಕೆ ಸರಿದಳು.

“ಮೈಯಿಂದ ಆಚೆಗೆ ಕತ್ತರಿಸು,” ಎಂದ ಅಪ್ಪ. “ಅವಸರ ಇಲ್ಲ.”

ಅಮ್ಮ ಎಡಗೈಯಲ್ಲಿ ಹಗ್ಗ ಹಿಡಿದಳು. ಆ ಕೈಯಿಂದ ಒಂದು ಗೇಣು ದೂರದಲ್ಲಿ ಅಲಗು ಇಟ್ಟಳು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಬೆಲ್ಲು ಕೇಳಿಸಿತು. ಅಮ್ಮ ಉಸಿರು ಬಿಗಿಹಿಡಿದು ಎಳೆದಳು. ಒಂದು, ಎರಡು, ಮೂರು. ಹಗ್ಗ ಎರಡು ತುಂಡಾಗಿ ನೆಲಕ್ಕೆ ಬಿತ್ತು.

“ಹೇ!” ಎಂದು ಅಣ್ಣ ಕುಣಿದ. ಮೇಲಿನಿಂದ ಅಜ್ಜಿ ಕೋಲು ಬಡಿದು ಚಪ್ಪಾಳೆಯ ಸದ್ದು ಮಾಡಿದಳು. ಅಪ್ಪ ಅಮ್ಮನ ಕಡೆ ನೋಡಿ ಮುಗುಳ್ನಕ್ಕ.

ಅಮ್ಮ ಚಾಕುವನ್ನು ಒರೆಗೆ ಸೇರಿಸಿ, ಬಗ್ಗಿ, ತುಂಡಾದ ಹಗ್ಗ ಎತ್ತಿಕೊಂಡಳು. ಗಂಟಿನ ಕಡೆ ನೋಡಿದಳು. ಒಂದೇ ಬೆರಳಿಂದ ಎಳೆದಳು. ಗಂಟು ಸುಲಭವಾಗಿ ಬಿಚ್ಚಿಕೊಂಡಿತು.

“ಇದೇನೇ ಇದು?” ಎಂದಳು. “ಜಡೆಗೆ ರಿಬ್ಬನ್ ಕಟ್ಟಿದ ಹಾಗೆ ಕಟ್ಟಿದೀಯ?”

ಪಟ್ಟಿ ನೆಲ ನೋಡಿದಳು. “ನಿಂಗೆ ಕಷ್ಟ ಆಗುತ್ತೇನೋ ಅಂತ…”

ಅಮ್ಮ ಅವಳ ಕೆನ್ನೆಯ ಮೇಲೆ ಒದ್ದೆ ಕೈ ಇಟ್ಟಳು. ಆ ಕೈ ತಣ್ಣಗಿತ್ತು.

“ಇನ್ನೊಂದು ಸಲ ಕಟ್ಟು,” ಎಂದಳು ಅಮ್ಮ, ಹಗ್ಗ ಅವಳ ಕೈಗೆ ಕೊಡುತ್ತಾ. “ಬಿಗಿಯಾಗಿ.”

ಪಟ್ಟಿ ಹಗ್ಗವನ್ನು ಕಂಬಿಗೆ ಸುತ್ತಿದಳು. ಒಂದು ಕಾಲನ್ನು ಮೆಟ್ಟಿಲಿಗೆ ಒತ್ತಿ, ಹಲ್ಲು ಕಚ್ಚಿ, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಅಂಗೈ ಕೆಂಪಾಯಿತು. ಗಂಟಿನಿಂದ ನೀರು ತೊಟ್ಟಿಕ್ಕಿತು. ಅವಳು ಒಂದು ಸಲವೂ ತಿರುಗಿ ಅಮ್ಮನ ಮುಖ ನೋಡಲಿಲ್ಲ.